ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆಯವು. ತರಬೇತಿ ಕ್ಲಾಸಿನಲ್ಲೂ ಅದೇ ಪ್ರಶ್ನೆ. ಉಪ್ಪಳದಲ್ಲಿ ಚಹಾ ಕುಡಿಯಲು ನಿಂತರೂ ಯಾರಾದರೂ ಬಂದು ಅದನ್ನೇ ಕೇಳುತ್ತಾರೆ. ಎಷ್ಟು ಹೇಳಿದರೂ ಮುಗಿಯುತ್ತಿಲ್ಲ. ಹಾಗಾಗಿ ಇವತ್ತು ಅದಕ್ಕೇ ಜಾಗ ಕೊಡುತ್ತೇನೆ. ಗೇರು ಬದಲಿಸುವುದು ಹೇಗೆ, ಏರ್ ಬ್ರೇಕ್ ಅಂದರೆ ಏನು ಅಂತ ಇಲ್ಲಿ ವಿವರಿಸುವುದಿಲ್ಲ. ಹೆವಿ ಲೈಸೆನ್ಸ್ ಇದ್ದವರಿಗೆ ಅಷ್ಟು ಗೊತ್ತಿರಲೇಬೇಕು.

ಮುಳ್ಳೇರಿಯದ ಲಾರಿ ಚಾಲಕರೊಬ್ಬರು: ಮೈಸೂರಿನಿಂದ ಲೋಡು ತರುತ್ತೇನೆ. ಓನರ್ ಪ್ರತಿ ಟ್ರಿಪ್ಪಿಗೂ ಮೈಲೇಜ್ ಲೆಕ್ಕ ಕೇಳುತ್ತಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಎರಡು ಲೀಟರ್ ಉಳಿಯುತ್ತದೆ ಎಂದು ಹಳೆಯ ಡ್ರೈವರುಗಳು ಹೇಳುತ್ತಾರೆ. ತರಬೇತಿಯಲ್ಲಿ ಹಾಗೆ ಮಾಡಬೇಡಿ ಅಂದರು. ಯಾರ ಮಾತು ಸರಿ?

ಒಂದು ಚಮಚ ಡೀಸೆಲ್ಲೂ ಉಳಿಯುವುದಿಲ್ಲ. ಉಲ್ಟಾ, ಖರ್ಚಾಗುತ್ತದೆ.

ಗೇರಿನಲ್ಲಿ ಇಳಿಯುತ್ತಾ ಆಕ್ಸಿಲರೇಟರಿನಿಂದ ಕಾಲು ತೆಗೆದಿರಿ ಅಂತ ಇಟ್ಟುಕೊಳ್ಳಿ. ಆಗ ಚಕ್ರಗಳೇ ಇಂಜಿನನ್ನು ತಿರುಗಿಸುತ್ತವೆ. ಈಗಿನ ಗಾಡಿಗಳಲ್ಲಿ ಆ ಹೊತ್ತಿಗೆ ಡೀಸೆಲ್ ಪೂರ್ತಿ ನಿಂತುಬಿಡುತ್ತದೆ. ಹಳೆಯ ಪಂಪಿನ ಗಾಡಿಯಲ್ಲೂ ಡೀಸೆಲನ್ನು ಅಳೆದು ಬಿಡುವ ಗವರ್ನರ್ ಅದನ್ನು ಕಡಿಮೆ ಮಾಡುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಇಂಜಿನ್ ತನ್ನಷ್ಟಕ್ಕೆ ತಾನೇ ಓಡಬೇಕು. ತಲಪಾಡಿಯಲ್ಲಿ ಇಂಜಿನ್ ಆಫ್ ಮಾಡದೆ ಸುಮ್ನೆ ನಿಂತರೆ ಕುಡಿಯುವಷ್ಟೇ ಡೀಸೆಲನ್ನು ಘಾಟಿ ಉದ್ದಕ್ಕೂ ಕುಡಿಯುತ್ತಾ ಇಳಿಯುತ್ತದೆ. ಈ ಎರಡು ಲೀಟರಿನ ಮಾತು ಕಾರ್ಬ್ಯುರೇಟರ್ ಇದ್ದ ಪೆಟ್ರೋಲ್ ಕಾರುಗಳ ಕಾಲದ್ದು. ಅದನ್ನು ತಂದು ಲಾರಿಗೆ ಅಂಟಿಸಿದ್ದಾರೆ.

ಡೀಸೆಲ್ ವಿಷಯ ಇಷ್ಟೇ. ನನಗೆ ಹೆದರಿಕೆ ಇರುವುದು ಬ್ರೇಕಿನ ಬಗ್ಗೆ.

ಮಡಿಕೇರಿಯಿಂದ ಸಂಪಾಜೆಗೆ ಹತ್ತಿರ ಹತ್ತಿರ 1000 ಮೀಟರ್ ಇಳಿತ. ಲೋಡು ಸೇರಿ 18 ಟನ್ ತೂಗುವ ಲಾರಿ ಅಷ್ಟು ಎತ್ತರದಿಂದ ಇಳಿದಾಗ ಹುಟ್ಟುವ ಶಕ್ತಿಯನ್ನು ಲೆಕ್ಕ ಹಾಕಿ ನೋಡಿ. ಸುಮಾರು 5 ಲೀಟರ್ ಡೀಸೆಲ್ ಸುಟ್ಟರೆ ಬರುವಷ್ಟು ಶಾಖ ಅದು. ಅದೆಲ್ಲಾ ಎಲ್ಲಿಗಾದರೂ ಹೋಗಬೇಕಲ್ವಾ? ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಇಂಜಿನ್ ನುಂಗುತ್ತದೆ. ಇಂಜಿನಿನ ಹೊಗೆ ಹೋಗುವ ದಾರಿಯನ್ನು ತಡೆದು ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಇನ್ನೂ ಜಾಸ್ತಿ ನುಂಗುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಹೋಯಿತು. ಎಕ್ಸಾಸ್ಟ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಎಲ್ಲಾ ಶಾಖ ಬ್ರೇಕ್ ಡ್ರಮ್ಮುಗಳಿಗೇ. ಕಾದ ಡ್ರಮ್ ಹಿಗ್ಗಿ, ಅದನ್ನು ಒಳಗಿನಿಂದ ಉಜ್ಜಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ. ಲೈನರ್ ಸುಟ್ಟು ಹಿಡಿತ ಬಿಡುತ್ತದೆ. ಬ್ರೇಕನ್ನು ಒತ್ತುವ ಗಾಳಿ ಮೀಟರಿನಲ್ಲಿ ಪೂರ್ತಿ ಇದೆ, ಪೆಡಲ್ ಎಂದಿನಂತೆಯೇ ಇದೆ, ಲಾರಿ ಮಾತ್ರ ನಿಲ್ಲುವುದಿಲ್ಲ. ಮರುದಿನ ಎಲ್ಲರೂ ಬ್ರೇಕ್ ಫೇಲ್ ಅನ್ನುತ್ತಾರೆ. ಫೇಲ್ ಆದದ್ದಲ್ಲ ಅದು. ಅದನ್ನು ಸುಟ್ಟದ್ದು ನಾವು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಆಗ ನನಗೆ 24 ವರ್ಷ. ಅಕ್ಕಿ ಲೋಡು, ರಾತ್ರಿ, ಜೋರು ಮಳೆ. ಓನರ್ ಮೈಲೇಜಿಗೆ ಇನಾಮು ಇಟ್ಟಿದ್ದರು. ಮದೆನಾಡು ದಾಟಿದ ಮೇಲೆ ನ್ಯೂಟ್ರಲ್ ಹಾಕಿದೆ. ಜೋಡುಪಾಲ ಬರುವಾಗ ಕ್ಲೀನರ್ ಹುಡುಗ ಮೂಗು ಮುಚ್ಚಿಕೊಂಡು, "ಅಣ್ಣಾ, ಏನೋ ಸುಟ್ಟ ವಾಸನೆ" ಅಂದ. ಬ್ರೇಕ್ ಒತ್ತಿದೆ. ಮತ್ತೆ ಒತ್ತಿದೆ. ಗೇರು ಹಾಕಲು ಹೋದೆ, ಕಿರ್ ಎಂದು ಅರಚಿ ವಾಪಸ್ ತಳ್ಳಿತು. ಆ ಓಟದಲ್ಲಿ ಇಂಜಿನಿನ ತಿರುಗಾಟಕ್ಕೂ ಚಕ್ರದ ತಿರುಗಾಟಕ್ಕೂ ತಾಳೆಯೇ ಆಗುವುದಿಲ್ಲ. ಹುಡುಗ ಕಟ್ಟೆ, ಅಂದರೆ ಚಕ್ರಕ್ಕೆ ಅಡ್ಡ ಇಡುವ ಮರದ ತುಂಡು, ಹಿಡಿದು ಚಕ್ರಕ್ಕೆ ಕೊಡುತ್ತೇನೆಂದು ಕೆಳಗೆ ಹಾರಿದ. ನಾನು ಲಾರಿಯನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ನನಗೆ ತರಚು ಗಾಯ ಮಾತ್ರ. ಅವನ ಎಡಗೈ ಇವತ್ತಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಅವನ ಮಗಳ ಮದುವೆಯಲ್ಲಿ ಅವನು ಬಲಗೈ ಒಂದರಲ್ಲೇ ಅಕ್ಷತೆ ಹಾಕಿದ್ದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಹಾಗಾದರೆ ಇಳಿಯುವುದು ಹೇಗೆ? ಗೇರನ್ನು ಮೇಲೆಯೇ, ಇಳಿಜಾರು ಶುರುವಾಗುವ ಮೊದಲೇ ಹಾಕಿ. ಅದೇ ಲೋಡಿನಲ್ಲಿ ಆ ಘಾಟಿ ಹತ್ತಲು ಯಾವ ಗೇರು ಬೇಕೋ ಅದು, ಅಥವಾ ಒಂದು ಕಡಿಮೆ. ಲಾರಿಯನ್ನು ತಡೆದು ಹಿಡಿಯುವ ಕೆಲಸ ಇಂಜಿನಿನದು. ವೇಗ ಏರಿತು ಅನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಡ್ರಮ್ಮಿಗೆ ಗಾಳಿ ತಾಗಲಿ. ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡೇ ಇಳಿಯುವುದು ಬೇಡ. ಪದೇ ಪದೇ ಪಂಪ್ ಮಾಡುವುದೂ ಬೇಡ, ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಏರ್ ಟ್ಯಾಂಕಿನಲ್ಲಿ ನೀರು ನಿಲ್ಲುವುದು ಜಾಸ್ತಿ. ದಿನಾ ಆ ನೀರನ್ನು ಹೊರಗೆ ಬಿಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಟ್ಟೆ ಕೊಟ್ಟು ಅರ್ಧ ಗಂಟೆ ಕೂರಿ. ಯಾರೇ ಫೋನ್ ಮಾಡಿದರೂ ಏಳಬೇಡಿ.

ಇಲ್ಲಿ ಕೆಲವು ಮೆಕ್ಯಾನಿಕ್‌ಗಳ ಬಗ್ಗೆ ಹೇಳಲೇಬೇಕು. ಕಾದ ಡ್ರಮ್ಮಿಗೆ ನೀರು ಹೊಯ್ಯಿರಿ ಅನ್ನುತ್ತಾರೆ. ಬೀಡು ಕಬ್ಬಿಣ ಅದು. ಬಿಸಿಯಲ್ಲಿ ನೀರು ಬಿದ್ದರೆ ಬಿರುಕು ಬಿಡುತ್ತದೆ, ಮುಂದಿನ ಘಾಟಿಯಲ್ಲಿ ಒಡೆಯುತ್ತದೆ. ಇನ್ನು ಕೆಲವರು ಗಾಡಿ ಒಂದು ಬದಿಗೆ ಎಳೆಯುತ್ತದೆ ಅಂದರೆ ಮುಂದಿನ ಚಕ್ರದ ಬ್ರೇಕನ್ನೇ ಕಟ್ ಮಾಡಿ ಕಳಿಸುತ್ತಾರೆ. ಇದು ರಿಪೇರಿ ಅಲ್ಲ, ಕೊಲೆ. ಯಾರಾದರೂ ಹಾಗೆ ಮಾಡಿದ್ದರೆ ಇವತ್ತೇ ಸರಿಮಾಡಿಸಿ, ಆಮೇಲೆ ಲೋಡು.

ಪಾಣತ್ತೂರು ಬದಿಯವರಿಗೆ ನಾನು ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ಅಲ್ಲಿನ ಪರಿಯಾರಂ ಇಳಿಜಾರಿನಲ್ಲಿ ಮದುವೆ ದಿಬ್ಬಣದ ಬಸ್ಸು ಮನೆಯ ಮೇಲೆ ಬಿದ್ದು 7 ಮಂದಿ ಸತ್ತರು. ಅದೇ ಡಿಸೆಂಬರಿನಲ್ಲಿ ಅಲ್ಲೇ ಮರ ತುಂಬಿದ ಲಾರಿ ಮಗುಚಿ 4 ಮಂದಿ ಹೋದರು. ಆ ದಾರಿಯಲ್ಲಿ ಹೋಗುವಾಗ ಈಗಲೂ ನನ್ನ ಕೈ ತಾನಾಗಿ ಕೆಳಗಿನ ಗೇರಿಗೆ ಹೋಗುತ್ತದೆ.

ಓನರ್‌ಗಳಿಗೂ ಒಂದು ಮಾತು. ಟ್ರಿಪ್ಪಿನ ಮೈಲೇಜಿಗೆ ಇನಾಮು ಕೊಡುವುದನ್ನು ನಿಲ್ಲಿಸಿ. ಚಾಲಕ ಕ್ಲಾಸಿನಲ್ಲಿ ಕಲಿತದ್ದನ್ನು ನಿಮ್ಮ 200 ರೂಪಾಯಿ ಅಳಿಸಿಹಾಕುತ್ತದೆ. ನಾನು ಮೊದಲು ಕ್ಲಾಸಿಗೆ ಕರೆಯಬೇಕಾದದ್ದು ನಿಮ್ಮನ್ನೇ.

ಕುಂಬಳೆಯ ಓನರ್ ಒಬ್ಬರು: ನಾಲ್ಕು ಲಾರಿ ಇವೆ. ತರಬೇತಿಗೆ ಕಳಿಸಿದರೆ ಎರಡು ದಿನದ ಬಾಡಿಗೆ ಹೋಗುತ್ತದೆ. ಸರ್ಟಿಫಿಕೇಟ್ ಮಾತ್ರ ಸಿಗಬಹುದಾ?

ಇಲ್ಲ.

ರಾತ್ರಿ ನಿದ್ದೆ ಬಾರದಿರಲು ಒಳ್ಳೆಯ ಮಾತ್ರೆ ಯಾವುದು?

ಮಾತ್ರೆ ಮಾರುವವನ ಹತ್ತಿರ ಹೋಗಬೇಡಿ, ಹೋಗಿ ಮಲಗಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಕೊಚ್ಚಿಗೆ ಹೋಗಿ ಅದೇ ರಾತ್ರಿ ವಾಪಸ್ ಬಾ ಅನ್ನುವವರಿಗೆ ಅದನ್ನು ತೋರಿಸಿ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೆವಿ ಲೈಸೆನ್ಸ್ ಸಿಗುತ್ತಾ?

ಸಿಗುತ್ತದೆ. ಎಂಟನೇ ಕ್ಲಾಸಿನ ನಿಯಮ 2019ರಲ್ಲೇ ಹೋಯಿತು. ಏಜೆಂಟ್ ಅದಕ್ಕೆಂದು ದುಡ್ಡು ಕೇಳಿದರೆ ಕೊಡಬೇಡಿ.

ಗ್ಯಾಸ್ ಟ್ಯಾಂಕರ್ ಓಡಿಸಲು ಪ್ರತ್ಯೇಕ ತರಬೇತಿ ಯಾಕೆ? ನನಗೆ ಕಲ್ಲಿನ ಲೋಡಿನಲ್ಲಿ 15 ವರ್ಷದ ಅನುಭವ ಇದೆ.

ನಿಮ್ಮ ಅನುಭವ ಕಲ್ಲಿನ ಲೋಡಿನದು. ಅಡುಗೆ ಗ್ಯಾಸ್ ಕಲ್ಲಿನ ಹಾಗೆ ಬಿದ್ದಲ್ಲೇ ಬಿದ್ದಿರುವುದಿಲ್ಲ. ಗಾಳಿಗಿಂತ ಭಾರ ಇರುವುದರಿಂದ ನೆಲ ಹಿಡಿದು ಹರಿಯುತ್ತದೆ, ಮನೆಯೊಳಗಿನ ಒಲೆಯವರೆಗೂ ಹೋಗುತ್ತದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್ ಡಿವೈಡರಿಗೆ ಬಡಿದು ಮಗುಚಿತು. 20 ಮಂದಿ ಸತ್ತರು. ಅಪಾಯಕಾರಿ ಸರಕಿಗೆ 3 ದಿನದ ತರಬೇತಿ ಆಗಬೇಕು, ಆಮೇಲೆ 3 ವರ್ಷಕ್ಕೊಮ್ಮೆ ನವೀಕರಣ. ಮೂರು ದಿನ ಜಾಸ್ತಿಯಾಯಿತು ಅನ್ನುವವರು ದಯವಿಟ್ಟು ಟ್ಯಾಂಕರ್ ಹತ್ತಬೇಡಿ.

ಪೆರ್ಲದಿಂದ ಒಬ್ಬ ತಾಯಿ: ಮಗನಿಗೆ 18. ಕಲ್ಲಿನ ಲಾರಿಯಲ್ಲಿ ಕ್ಲೀನರ್. ರಾತ್ರಿ ಖಾಲಿ ಲಾರಿಯನ್ನು ಅವನ ಕೈಗೇ ಕೊಡುತ್ತಾರಂತೆ. ಕಲಿಯಲಿ ಎಂದು ಬಿಡಲಾ?

ಬಿಡಬೇಡಿ ಅಮ್ಮಾ. ಲಾರಿಗೆ 20 ತುಂಬಬೇಕು. ಅದಕ್ಕೂ ಮೊದಲು ಒಂದು ವರ್ಷ ಲೈಟ್ ಲೈಸೆನ್ಸ್ ಇರಬೇಕು. ಈಗ ಏನಾದರೂ ಆದರೆ ಕೇಸು ಹುಡುಗನ ಮೇಲೂ ಬೀಳುತ್ತದೆ. ಓನರ್ ಹತ್ತಿರ ಮಾತಾಡಲು ನಿಮಗೆ ಸಂಕೋಚ ಆದರೆ ಅವರ ನಂಬರ್ ಕಳಿಸಿ. ನಾನೇ ಮಾತಾಡುತ್ತೇನೆ.