ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಕ್ಕಳನ್ನು ಓದಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಬರೆದಿದ್ದಾ ಅನ್ನಿಸಿತು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತೀರಿ, ಮನೆ ಸೇರುವಷ್ಟರಲ್ಲಿ ಏಳೂವರೆ. ಮಗ ನಾಲ್ಕನೇ ಕ್ಲಾಸು, ಮಗಳು ಎಂಟು. ಮಗನಿಗೆ ಕಳೆಯುವ ಲೆಕ್ಕ ತಪ್ಪುತ್ತಲೇ ಇರುತ್ತೆ, ಮಗಳ ಮಾರ್ಕ್ಸು ಇಳಿಯುತ್ತಿದೆ. ಟ್ಯೂಷನ್‌ಗೆ ಹಾಕಲಾ, ಇಲ್ಲ ಕೆಲಸವನ್ನೇ ಬಿಡಲಾ ಅಂತ ಕೇಳಿದ್ದೀರಿ.

ಕೆಲಸ ಬಿಡಬೇಡಿ. ಟ್ಯೂಷನ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನಿರೋದು ತುಮಕೂರು, ಕೆಲಸ ಬೆಂಗಳೂರಲ್ಲಿ. ದಿನಾ ಹೋಗ್ತಾ ಸುಮಾರು 70 ಕಿಲೋಮೀಟರ್, ಬರ್ತಾ 70, ಟ್ರೇನಲ್ಲಿ. ಗಂಡನದು ಹಾರ್ಡ್‌ವೇರ್ ಅಂಗಡಿ, ಬಾಗಿಲು ಹಾಕಿ ಬರೋದು ಒಂಬತ್ತಕ್ಕೆ. ಮನೆಯಲ್ಲಿ ನಮ್ಮತ್ತೆ ಇದ್ದಾರೆ, ಅದೊಂದು ಪುಣ್ಯ. ಮಗಳು ಈಗ ಹತ್ತನೇ ಕ್ಲಾಸು, ಮಗ ಆರು. ಅಂದರೆ ಎರಡು ವರ್ಷದ ಹಿಂದೆ ನಮ್ಮನೆಯೂ ಥೇಟ್ ನಿಮ್ಮನೆ ಹಾಗೇ ಇತ್ತು.

ಆಗ ನಾನು ಏನು ಮಾಡುತ್ತಿದ್ದೆ ಹೇಳಲಾ? ಬಂದ ತಕ್ಷಣ ಒಂದು ಕೈಯಲ್ಲಿ ಕುಕ್ಕರ್ ಇಟ್ಟು, ಇನ್ನೊಂದು ಕೈಯಲ್ಲಿ ಡೈರಿ ತೆಗೆದು, "ಹೋಮ್‌ವರ್ಕ್ ಆಯ್ತಾ? ಯಾಕಾಗಿಲ್ಲ?" ಅಂತ ಶುರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಡುವುದು. ಹತ್ತು ನಿಮಿಷಕ್ಕೆ ನನ್ನ ದನಿ ಏರುತ್ತಿತ್ತು, ಮಗನ ಕಣ್ಣಲ್ಲಿ ನೀರು. ಅತ್ತೆ ಒಳಗಿಂದ, "ಬಂದಿದ್ದೇ ಈಗ, ಮಗೂನ ಯಾಕೆ ಹಾಗೆ ಅಳಿಸ್ತೀಯಾ" ಅನ್ನುತ್ತಿದ್ದರು. ಆಮೇಲೆ ಅವರ ಮೇಲೂ ಸಿಟ್ಟು. ದಿನಾ ಇದೇ ಪಾಡು.

ಮಗನಿಗೆ ಆಗ ಮೂರಂಕಿ ಕಳೆಯುವ ಲೆಕ್ಕ ನಡೆಯುತ್ತಿತ್ತು. ಕೆಲವು ಸರಿ, ಕೆಲವು ತಪ್ಪು. 58ರಲ್ಲಿ 23 ಕಳಿ ಅಂದರೆ ಸರಿಯಾಗಿ ಮಾಡುತ್ತಿದ್ದ. ಹಾಗಾಗಿ ಇವನಿಗೆ ಬರುತ್ತೆ, ಗಮನ ಇಲ್ಲ ಅಷ್ಟೇ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. "ಗಮನ ಎಲ್ಲಿಟ್ಟಿರ್ತೀಯಾ?" ಅಂತ ಒಂದು ತಿಂಗಳು ಬೈದೆ. ಅವನು ತಲೆ ತಗ್ಗಿಸಿಕೊಂಡು ಬೈಸಿಕೊಂಡ.

ಒಂದು ದಿನ ಟ್ರೇನು ತಡ. ಮನೆಗೆ ಬಂದಾಗ ಬೈಯೋಕೂ ಶಕ್ತಿ ಇರಲಿಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಇವನು ಪುಸ್ತಕ ಹಿಡಿದು ಬಂದ. ಸುಮ್ನೆ ಬಾಯಿಗೆ ಬಂದಂತೆ ಅಂದೆ: "ನನಗೆ ಆಗಲ್ಲಪ್ಪ ಇವತ್ತು. ನೀನೇ ಮಿಸ್ಸು, ನಾನು ಸ್ಟೂಡೆಂಟು. ನೀನೇ ನಂಗೆ ಹೇಳ್ಕೊಡು."

ಅವನಿಗೆ ಖುಷಿಯೋ ಖುಷಿ. ಸೌಟನ್ನೇ ಬೆತ್ತ ಮಾಡಿಕೊಂಡು ನಿಂತ. ಲೆಕ್ಕ 402ರಲ್ಲಿ 167 ಕಳೆಯೋದು.

"ನೋಡಮ್ಮ, ಮೊದಲು ಬಿಡಿ ಸ್ಥಾನ. ಏಳರಲ್ಲಿ ಎರಡು ಹೋದ್ರೆ ಐದು."

"ಮೇಲಿರೋದು ಎರಡಲ್ವೇನೋ?"

"ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕಮ್ಮ. ನಿಂಗೆ ಅಷ್ಟೂ ಗೊತ್ತಿಲ್ವಾ?"

ಆಮೇಲೆ ಆರರಲ್ಲಿ ಸೊನ್ನೆ ಹೋದರೆ ಆರು, ನಾಲ್ಕರಲ್ಲಿ ಒಂದು ಹೋದರೆ ಮೂರು. ಉತ್ತರ 365. ಬೋರ್ಡ್ ಮೇಲೆ ಬರೆದಂತೆ ಗೋಡೆಗೆ ಸೌಟು ಕುಟ್ಟಿ ತೋರಿಸಿದ.

ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಕೆಳಗಿಟ್ಟೆ. ಅವನಿಗೆ ಗಮನ ಇರಲಿಲ್ಲ ಅಂತ ಯಾರು ಹೇಳಿದ್ದು? ಒಂದನೇ ಕ್ಲಾಸಲ್ಲೋ ಎರಡರಲ್ಲೋ ಕಿವಿಗೆ ಬಿದ್ದ ಒಂದು ನಿಯಮವನ್ನು ಅಷ್ಟು ಗಮನವಿಟ್ಟು ಪಾಲಿಸುತ್ತಿದ್ದ. ಆಗಿನ ಚಿಕ್ಕ ಲೆಕ್ಕಕ್ಕೆ ಆ ಮಾತು ಸಾಕಿತ್ತು. ಈಗ ಅದನ್ನೇ ಒಂದೊಂದು ಅಂಕಿಗೂ ಬಿಡಿಬಿಡಿಯಾಗಿ ಹಾಕುತ್ತಿದ್ದ. ಪಕ್ಕದ ಅಂಕಿಯಿಂದ ಸಾಲ ತೆಗೆದುಕೊಳ್ಳುವ ಲೆಕ್ಕ ಬಂದರೆ ಮಾತ್ರ ತಪ್ಪು, ಉಳಿದದ್ದು ಸರಿ. ಒಂದು ತಿಂಗಳು ನಾನು ಬೈದದ್ದೆಲ್ಲ ದಂಡ. ಅವನು ಹೇಗೆ ಮಾಡುತ್ತಾನೆ ಅಂತ ಒಂದು ಸಲವೂ ಕೇಳಿರಲಿಲ್ಲ. ತಪ್ಪು ಕಂಡ ಕೂಡಲೇ ನನ್ನ ಪಾಠ ಶುರು ಮಾಡುತ್ತಿದ್ದೆ.

ಸರಿ ಮಾಡಿದ್ದು ಅವರಪ್ಪ, ಅದೂ ಅಂಗಡಿಯ ಗಲ್ಲಾಪೆಟ್ಟಿಗೆ ದುಡ್ಡಲ್ಲಿ. ನೂರರ ನೋಟು ನಾಲ್ಕು, ಒಂದು ರೂಪಾಯಿ ನಾಣ್ಯ ಎರಡು ಕೊಟ್ಟು, "167 ರೂಪಾಯಿ ವಾಪಸ್ ಕೊಡಪ್ಪ" ಅಂದರು. ಏಳು ರೂಪಾಯಿ ಕೊಡೋಕೆ ಕೈಯಲ್ಲಿ ಎರಡೇ ಇದೆ. "ಚಿಲ್ಲರೆ ಇಲ್ಲ" ಅಂದ ಇವನು. "ಮಾಡಿಸು ಮತ್ತೆ." ಒಂದು ನೂರಕ್ಕೆ ಹತ್ತರ ನೋಟು ಹತ್ತು, ಅದರಲ್ಲಿ ಒಂದಕ್ಕೆ ಹತ್ತು ನಾಣ್ಯ. ಈಗ ನೂರರದ್ದು ಮೂರು, ಹತ್ತರದ್ದು ಒಂಬತ್ತು, ನಾಣ್ಯ ಹನ್ನೆರಡು. ಕೊಟ್ಟ ಮೇಲೆ ಉಳಿದದ್ದು 235. "ಸಾಲ ತಗೊಳ್ಳೋದು ಅಂದ್ರೆ ಚಿಲ್ಲರೆ ಮಾಡಿಸೋದಾ?" ಅಂದ. ಎರಡು ಸಂಜೆಗೆ ಮುಗಿಯಿತು. ಕೊನೆಗೆ 235ಕ್ಕೆ 167 ಕೂಡಿ ತಾಳೆ ನೋಡೋದನ್ನೂ ಕಲಿತ.

ಅವತ್ತಿಂದ ನಾನು ಮನೆಯಲ್ಲಿ ಪಾಠ ಹೇಳುವುದನ್ನು ಬಿಟ್ಟೆ. ಕೇಳಿಸಿಕೊಳ್ಳುತ್ತೇನೆ, ಅಷ್ಟೇ. ತರಕಾರಿ ಹೆಚ್ಚುವಾಗ, ಚಪಾತಿ ಲಟ್ಟಿಸುವಾಗ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಪುಸ್ತಕ ಮುಚ್ಚಿಟ್ಟು, ಇವತ್ತು ಶಾಲೆಯಲ್ಲಿ ಆದ ಒಂದು ಪಾಠ ನನಗೆ ಹೇಳಬೇಕು. ತಡವರಿಸಿದರೆ ಪುಸ್ತಕ ತೆಗೆದು ಆ ಜಾಗ ಮಾತ್ರ ನೋಡಬೇಕು. ಹೀಗೆ ಮಾಡೋದರಲ್ಲಿ ಅರ್ಥ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ನೋಡದೆ ನೆನಪು ಮಾಡಿಕೊಂಡು ಬರೆದವರಿಗೇ ಜಾಸ್ತಿ ನೆನಪಿತ್ತು. ನಮ್ಮ ಮಕ್ಕಳು ರಾತ್ರಿಯೆಲ್ಲ ಗಟ್ಟಿಯಾಗಿ ಓದಿ ಓದಿ ಆಮೇಲೆ ಮರೆಯೋದು ನೋಡಿಲ್ವಾ ನಾವು?

ನೀವು ಕೇಳಬಹುದು, ಎಂಟನೇ ಕ್ಲಾಸಿನ ವಿಜ್ಞಾನ ನನಗೇ ಗೊತ್ತಿಲ್ಲ, ಕೇಳಿಸಿಕೊಂಡು ಏನು ಮಾಡಲಿ ಅಂತ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ನಮ್ಮತ್ತೆ ಓದಿರೋದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಬರಲ್ಲ. ಮಗಳು ಇಂಗ್ಲಿಷ್ ಮೀಡಿಯಂ. ಒಂದು ದಿನ ನಾನು ಬರುವುದು ತಡವಾಗಿ ಅಜ್ಜಿಗೇ ಫೋಟೋಸಿಂಥೆಸಿಸ್ ಒಪ್ಪಿಸಿದ್ದಾಳೆ. ಅಜ್ಜಿ, "ಅದೇನು ಅಂತ ಕನ್ನಡದಲ್ಲಿ ಹೇಳೇ" ಅಂದಿದ್ದಾರೆ. ಇವಳಿಗೆ ಬಾಯಿ ಕಟ್ಟಿತು. ಉತ್ತರ ಬಾಯಿಪಾಠ ಇದೆ, ವಿಷಯ ಗೊತ್ತಿಲ್ಲ. ಹೇಗೋ ಬಿಡಿಸಿ ಬಿಡಿಸಿ, ಗಿಡ ಬಿಸಿಲಲ್ಲಿ ನೀರು, ಗಾಳಿ ಸೇರಿಸಿಕೊಂಡು ತನ್ನ ಊಟ ತಾನೇ ಮಾಡಿಕೊಳ್ಳುತ್ತೆ ಅಂತ ಹೇಳಿದ್ದಾಳೆ. ಅದಕ್ಕೆ ಅಜ್ಜಿ ಕೇಳಿದ್ದು: "ಹಂಗಾದ್ರೆ ರಾತ್ರಿ ಹೊತ್ತು ಗಿಡ ಉಪವಾಸವಾ?"

ಆ ಪ್ರಶ್ನೆ ಮರುದಿನ ಶಾಲೆಗೆ ಹೋಯಿತು. ಹಗಲು ಮಾಡಿದ್ದರಲ್ಲಿ ಒಂದಷ್ಟನ್ನು ಪಿಷ್ಟ ಮಾಡಿ ಕೂಡಿಟ್ಟು, ರಾತ್ರಿ ಅದನ್ನೇ ಬಳಸುತ್ತೆ ಅಂತ ಸೈನ್ಸ್ ಟೀಚರ್ ಹೇಳಿದರಂತೆ. ಸಂಜೆ ಬಂದವಳು ಮೊದಲು ಹೋಗಿದ್ದು ಅಜ್ಜಿ ಹತ್ತಿರ. ಈಗ ವಿಜ್ಞಾನ, ಸಮಾಜ ಎರಡೂ ಅತ್ತೆಯ ಡಿಪಾರ್ಟ್‌ಮೆಂಟು. ಮಗ್ಗಿ ಕೂಡ. ಕಣ್ಣು ಮುಚ್ಚಿಕೊಂಡು ಹೂ ಕಟ್ಟುತ್ತಲೇ ಹದಿನೇಳರ ಮಗ್ಗಿಯಲ್ಲಿ ತಪ್ಪು ಹಿಡಿಯುತ್ತಾರೆ.

ನಿಮ್ಮ ಮನೆಯಲ್ಲಿ ಹಿರಿಯರು ಇಲ್ಲದಿದ್ದರೆ ಫೋನಲ್ಲಿ ಅಜ್ಜಿ ತಾತನಿಗೆ ಹೇಳಲಿ. ಇಲ್ಲಾ ಮಗಳು ತಮ್ಮನಿಗೆ ಹೇಳಲಿ, ಸ್ವಲ್ಪ ಜಗಳ ಆಗುತ್ತೆ, ಆಗಲಿ.

ನಾನು ಮಾಡುವ ಇನ್ನೊಂದು ಕೆಲಸ ಇದೆ. ನಮ್ಮ ಮಕ್ಕಳದು ಸ್ಟೇಟ್ ಸಿಲಬಸ್ಸು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪುಸ್ತಕಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಫೋನಲ್ಲಿ ಇಳಿಸಿಕೊಂಡಿದ್ದೇನೆ. ಸಂಜೆ ಟ್ರೇನಲ್ಲಿ ಸೀಟು ಸಿಕ್ಕರೆ ಅವತ್ತಿನ ಪಾಠದ ಮೇಲೆ ಕಣ್ಣಾಡಿಸುತ್ತೇನೆ. ಸೀಟು ಸಿಗದ ದಿನ ಅದೂ ಇಲ್ಲ.

ಈಗ ಟ್ಯೂಷನ್. ಮಗಳನ್ನು ಏಳನೇ ಕ್ಲಾಸಲ್ಲಿ ಒಂದು ವರ್ಷ ಕಳಿಸಿದ್ದೆ. ಐದೂವರೆಗೆ ಹೋಗಿ ಎಂಟಕ್ಕೆ ಬರುತ್ತಿದ್ದಳು. ಅಲ್ಲಿ ನಲವತ್ತು ಮಕ್ಕಳು, ಮಾಡಿಸುತ್ತಿದ್ದದ್ದು ಶಾಲೆಯ ಹೋಮ್‌ವರ್ಕೇ. ಮಾರ್ಕ್ಸು ಅಲ್ಲೇ ಇತ್ತು, ಮಲಗುವುದು ಮಾತ್ರ ಹನ್ನೊಂದಾಯಿತು. ಬೆಳಗ್ಗೆ ಆರಕ್ಕೆ ಎಬ್ಬಿಸಬೇಕು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲಿ ಹೇಳಿದೆ. ನಮ್ಮ ಹುಡುಗಿಗೆ ಸಿಗುತ್ತಿದ್ದದ್ದು ಏಳು. ಬಿಡಿಸಿದೆ. ಹಾಗಂತ ಟ್ಯೂಷನ್ನೇ ಬೇಡ ಅನ್ನಲ್ಲ. ಒಂಬತ್ತರಲ್ಲಿ ಗಣಿತ ನಮ್ಮ ಯಾರ ಕೈಗೂ ಸಿಗಲಿಲ್ಲ. ಪಕ್ಕದ ಬೀದಿಯಲ್ಲಿ ಬಿಎಸ್ಸಿ ಓದುವ ಹುಡುಗಿ ವಾರಕ್ಕೆ ಮೂರು ದಿನ ಬಂದು ಗಣಿತ ಒಂದನ್ನೇ ಹೇಳಿಕೊಟ್ಟಳು. ಅದು ಉಪಯೋಗಕ್ಕೆ ಬಂತು, ಯಾಕಂದ್ರೆ ಎಲ್ಲಿ ತಪ್ಪುತ್ತಿದ್ದಾಳೆ ಅಂತ ಗೊತ್ತಿದ್ದು ಕರೆದದ್ದು. ಅದು ಗೊತ್ತಿಲ್ಲದೆ ಟ್ಯೂಷನ್‌ಗೆ ಹಾಕಿದರೆ ನಮ್ಮ ಮನಸ್ಸಿಗೆ ಸಮಾಧಾನ, ಬೇರೇನಿಲ್ಲ.

ಟೀಚರ್ ಹತ್ತಿರ ಕೂಡ ಹೀಗೇ. ಪೇರೆಂಟ್ಸ್ ಮೀಟಿಂಗಿಗೆ ನಾನು ಎಷ್ಟೋ ಸಲ ಹೋಗಿಲ್ಲ, ರಜೆ ಸಿಗಲ್ಲ. "ಹೇಗೆ ಓದ್ತಾನೆ ಮಿಸ್?" ಅಂದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಓದಿಸಿ" ಅಂತಾರೆ, ಪಾಪ ಅವರಾದರೂ ಇನ್ನೇನು ಹೇಳಿಯಾರು. ವರ್ಷದ ನಡುವೆ ಮಾಡುವ ಎಫ್‌ಎ ಪರೀಕ್ಷೆಯ ಪೇಪರ್ ಬಂದಾಗ ಅದನ್ನು ಮುಂದಿಟ್ಟುಕೊಂಡು, "ಭಿನ್ನರಾಶಿಯ ಮೂರು ಲೆಕ್ಕವೂ ತಪ್ಪಿದ್ದಾನೆ, ಕ್ಲಾಸಲ್ಲೂ ಹೀಗೇನಾ?" ಅಂತ ಒಂದು ಮೆಸೇಜ್ ಹಾಕುತ್ತೇನೆ. ಇದಕ್ಕೆ ಮಾತ್ರ ಸರಿಯಾದ ಉತ್ತರ ಬಂದೇ ಬರುತ್ತೆ.

ನಿಮ್ಮ ಮಗಳು ಎಂಟನೇ ಕ್ಲಾಸು ಅಂದಿರಲ್ಲ, ಶಾಲೆ ಸರ್ಕಾರಿಯೋ ಅನುದಾನಿತವೋ ಆಗಿದ್ದು, ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟದಿದ್ದರೆ ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತೆ. ಅರ್ಜಿ ಶಾಲೆಯ ಮೂಲಕ ಹೋಗಬೇಕು, ಹೆಡ್‌ಮಾಸ್ಟರನ್ನು ಈಗಲೇ ಕೇಳಿ.

ಇನ್ನು ಬೆಳಗಿನ ಗಲಾಟೆ. ಬ್ಯಾಗು, ಯೂನಿಫಾರ್ಮು, ಸಾಕ್ಸು ಹಿಂದಿನ ರಾತ್ರಿಯೇ ಅವರೇ ಜೋಡಿಸಬೇಕು, ನಾನು ಕೈ ಹಾಕಲ್ಲ. ಎರಡು ಸಲ ಪುಸ್ತಕ ಮರೆತು ಹೋಗಿ ಬೈಸಿಕೊಂಡು ಬಂದರು, ಆಮೇಲೆ ಮರೆಯಲಿಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ "ಅಮ್ಮಾ, ನಾಳೆಗೆ ಥರ್ಮಾಕೋಲ್ ಬೇಕಂತೆ" ಅನ್ನುವುದಕ್ಕೆ ನನ್ನ ಹತ್ತಿರ ಇವತ್ತಿಗೂ ಮದ್ದಿಲ್ಲ. ಅಟ್ಟದ ಮೇಲೆ ಎರಡು ಥರ್ಮಾಕೋಲ್ ಶೀಟು, ನಾಲ್ಕು ಚಾರ್ಟು, ಒಂದು ಡಬ್ಬ ಫೆವಿಕಾಲ್ ಸದಾ ಇಟ್ಟಿರುತ್ತೇನೆ. ಮಗ ಕೇಳೋದು ಅದರಲ್ಲಿ ಇಲ್ಲದ್ದನ್ನೇ.

ತಪ್ಪೂ ಆಗುತ್ತೆ. ಹೋದ ತಿಂಗಳು ಆಫೀಸಲ್ಲಿ ಆಡಿಟ್ ಇತ್ತು, ಎರಡು ವಾರ ಯಾರ ಪಾಠವನ್ನೂ ಕೇಳಲಿಲ್ಲ. ಮಗ ಹಿಂದಿ ಟೆಸ್ಟಲ್ಲಿ ಇಪ್ಪತ್ತಕ್ಕೆ ಏಳು ತಂದ. ಅವರಪ್ಪ ಡೈರಿಗೆ ಸಹಿ ಹಾಕಿ ಸುಮ್ಮನಿದ್ದರು, ನನಗೆ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು. ಗಂಡನಿಗೆ ಮಾತ್ರ ಬೈದೆ.

ನೀವು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಗನ ಕೈಗೆ ಸೌಟು ಕೊಟ್ಟು ಅದೇ 402ರಲ್ಲಿ 167 ಕಳೆಯೋದನ್ನು ನಿಮಗೆ ಹೇಳಿಕೊಡೋಕೆ ಹೇಳಿ. ಮಧ್ಯದಲ್ಲಿ ತಿದ್ದಬೇಡಿ, ಪೂರ್ತಿ ಕೇಳಿ. ಉತ್ತರ 365 ಬಂದರೆ ಚಿಲ್ಲರೆ ಹೊಂದಿಸಿಕೊಳ್ಳಿ. ಬೇರೆ ಏನಾದರೂ ಬಂದರೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಬರೆಯಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಅಂತ ನಾಳೆ ಟ್ರೇನಲ್ಲಿ ಕೂತು ನೋಡುತ್ತೇನೆ.