ಶಾಲ್ಮಲೆಯಲ್ಲಿ ಕರಗಿದ ‘ನಾನು’

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟ ಇದೆ. ವಯಸ್ಸು 46. ಕಳೆದ ಮಾಘದಲ್ಲಿ ಶಾಲ್ಮಲೆ ಹೊಳೆಯ ಸಹಸ್ರಲಿಂಗದ ಬಂಡೆ ಮೇಲೆ ಕೂತಿದ್ದಾಗ ‘ನಾನು’ ಎಂಬುದೇ ಕರಗಿಹೋಯಿತು. ಮಾಡಿಸುವವನು ಅವನು, ನಾನು ಯಾರು? ತೋಟ, ಸೊಸೈಟಿ ಸಾಲ ಯಾವುದರಲ್ಲೂ ಮನಸ್ಸಿಲ್ಲ. ಭಾವ ನಕ್ಕುಬಿಟ್ಟ, ಅವನ ಹತ್ತಿರ ಮಾತು ಬಿಟ್ಟಿದ್ದೇನೆ. ಹೆಂಡತಿ ಇನ್ನೂ ಮಾಯೆಯಲ್ಲಿದ್ದಾಳೆ. ಅವಳಿಗೆ ಹೇಗೆ ತಿಳಿಸಲಿ?

ಉತ್ತರ: ನಿಮಗೆ ಆದ ಅನುಭವದ ಬಗ್ಗೆ ನನಗೆ ಅನುಮಾನವಿಲ್ಲ. ನೀರಿಳಿದ ಶಾಲ್ಮಲೆ, ಬಂಡೆಗೊಂದು ಲಿಂಗ, ಮುಂಜಾನೆಯ ಆ ಮೌನ. ಅಲ್ಲಿ ಮನಸ್ಸು ಕರಗಿದರೆ ಆಶ್ಚರ್ಯವೇನೂ ಇಲ್ಲ. ಅದನ್ನು ಜೋಪಾನವಾಗಿಟ್ಟುಕೊಳ್ಳಿ.

ಆದರೆ ಭಾವ ನಕ್ಕಾಗ ನೊಂದವರು ಯಾರು? ಸಾಲದ ಕಂತು ಬಂದರೆ ‘ನಾನು ಯಾರು’ ಎನ್ನುತ್ತೀರಿ, ದರ್ಶನದ ಮಾತು ಬಂದರೆ ‘ನನಗೆ ಆಯಿತು’ ಎನ್ನುತ್ತೀರಿ. ಹೋದ ಅಹಂಕಾರ ಹಿತ್ತಿಲ ಬಾಗಿಲಿನಿಂದ ಮಡಿಯುಟ್ಟು ಒಳಗೆ ಬಂದಿದೆ. ಈ ಸಲದ್ದು ಹೆಚ್ಚು ಅಪಾಯದ್ದು, ಯಾಕೆಂದರೆ ಅದನ್ನು ಪ್ರಶ್ನಿಸಿದವರೆಲ್ಲ ಅಜ್ಞಾನಿಗಳಾಗಿಬಿಡುತ್ತಾರೆ. ಮೊದಲು ಹೆಂಡತಿಯೇ ಆಗಿದ್ದಾರೆ.

12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಾಗ ‘ಕಾಯಕ ನಿಂತಿದೆ, ಹೋಗಯ್ಯಾ’ ಎಂದು ಎಬ್ಬಿಸಿ ಕಳಿಸಿದವಳು ಹೆಂಡತಿ ಲಕ್ಕಮ್ಮ. ಅವಳನ್ನು ಮಾಯೆ ಎಂದು ಮಾರಯ್ಯ ಕರೆಯಲಿಲ್ಲ. ಎದ್ದು ಹೋದ. ನಿಮ್ಮ ಮನೆಯ ಜಗಳವನ್ನು ಒಮ್ಮೆ ಹಾಗೆ ಕೇಳಿಸಿಕೊಳ್ಳಿ. ಮಾಡಿಸುವವನು ಅವನೇ ಇರಲಿ, ಸೊಸೈಟಿಯ ಕಾಗದದ ಮೇಲಿರುವ ಸಹಿ ನಿಮ್ಮದು.

ರಾತ್ರಿ ಎರಡು ತಾಸೂ ನಿದ್ದೆ ಬರುತ್ತಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅದನ್ನು ಸಾಧನೆ ಎಂದುಕೊಳ್ಳಬೇಡಿ, ಈ ವಾರವೇ ಮನೋವೈದ್ಯರನ್ನು ಕಾಣಿ.

ಅಡಿಕೆಗೆ ಕೊಳೆ ರೋಗದ ಮೊದಲ ಮದ್ದನ್ನು ಮಳೆಗಾಲಕ್ಕೆ ಮುಂಚೆ ಹೊಡೆಸಿದ್ದು ನಿಮ್ಮಾಕೆ ಎಂದೂ ಪತ್ರದಲ್ಲಿದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಹುಡುಕಿದ್ದು, ಮೈಲುತುತ್ತ (ತಾಮ್ರದ ಸಲ್ಫೇಟ್) ತಂದದ್ದು, ಕೈಯೆಲ್ಲ ಸುಣ್ಣ ಮಾಡಿಕೊಂಡು ಡ್ರಮ್ಮು ಕಲಕಿದ್ದೂ ಅವರೇ. 40-45 ದಿನಕ್ಕೆ ಎರಡನೆಯದು ಆಗದಿದ್ದರೆ ಈ ಮಳೆಗೆ ಕೊಳೆ ರೋಗ ಬಿಡುವುದಿಲ್ಲ ಎಂದು ನಿಮಗೆ ನಾನು ಹೇಳಬೇಕೆ? ‘ಮಾಯೆ’ ಎಂದದ್ದಕ್ಕೆ ಮೊದಲು ಅವರ ಕ್ಷಮೆ ಕೇಳಿ, ಉಪದೇಶ ಬೇಡ. ಮಳೆ ಬಿಟ್ಟು ಹೊಳವಾದ ದಿನ ಡ್ರಮ್ಮಿನ ಹತ್ತಿರ ನೀವು ನಿಲ್ಲಿ. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಕತ್ತಿಯ ಅಲಗು ಅದ್ದಿ ನೋಡಿ. ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು.