ಗಾಜಿನ ಚೂರು ಗುಡಿಸುವ ಮುನ್ನ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಲೆ ಮುಂದೆ ನಾಲ್ಕು ರಸ್ತೆ ಕೂಡುವ ಜಾಗವನ್ನು ಸರಿಮಾಡಲು ನಿಮ್ಮ ಸ್ಥಳೀಯ ಆಡಳಿತ ಅನುದಾನಕ್ಕೆ ಅರ್ಜಿ ಹಾಕಲು ಹೊರಟಿದೆ. "ಇಷ್ಟಕ್ಕೆ ಅಷ್ಟೊಂದು ಕಾಗದ ಯಾಕೆ? ಯಾರಾದರೂ ಸಾಯುವವರೆಗೆ ಕಾಯಬೇಕಾ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಹಣ ಕೊಡುವವರ ಮುಂದೆ ರಾಶಿ ಅರ್ಜಿಗಳಿರುತ್ತವೆ. ಎಲ್ಲರೂ ತಮ್ಮ ರಸ್ತೆ ಅಪಾಯದ್ದು ಅಂತಲೇ ಬರೆದಿರುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾರಿಗೆ, ಹೇಗೆ ಪೆಟ್ಟಾಯಿತು ಎಂದು ತೋರಿಸಿದ ಅರ್ಜಿಗೆ ತೂಕ ಜಾಸ್ತಿ. ಅಮೆರಿಕದಲ್ಲಿ 2021ರ ಒಂದು ಕಾಯ್ದೆ ಇಂಥ ಕೆಲಸಕ್ಕೆಂದೇ ಐದು ವರ್ಷಕ್ಕೆ 500 ಕೋಟಿ ಡಾಲರ್ ತೆಗೆದಿರಿಸಿತು. ಅಲ್ಲೂ ಕಾಮಗಾರಿಗೆ ಹಣ ಬೇಕಾದರೆ ಮೊದಲು ಸುರಕ್ಷತಾ ಯೋಜನೆ ಕೈಯಲ್ಲಿರಬೇಕು. ಖರ್ಚಿನ ಶೇ 20ರಷ್ಟನ್ನಾದರೂ ಸ್ಥಳೀಯರು ಹೊಂದಿಸಬೇಕು.

ತೊಂದರೆ ಇರುವುದು ದಾಖಲೆಯಲ್ಲಿ. ಸತ್ತವರು ಕಡತದಲ್ಲಿ ಸಿಗುತ್ತಾರೆ. ಬಿದ್ದು, ಮೊಣಕಾಲು ಒರೆಸಿಕೊಂಡು ಎದ್ದು ಹೋದವರು ಸಿಗುವುದಿಲ್ಲ. ಬೆಳಿಗ್ಗೆ ರಸ್ತೆ ಅಂಚಿನಲ್ಲಿ ಒಡೆದ ಹೆಡ್‌ಲೈಟಿನ ಚೂರು ಬಿದ್ದಿರುತ್ತದೆ, ಡಾಂಬರಿನ ಮೇಲೆ ಟೈರು ಉಜ್ಜಿದ ಕಪ್ಪು ಗೆರೆ ಇರುತ್ತದೆ. ಸಂಜೆಯೊಳಗೆ ಯಾರೋ ಚೂರು ಗುಡಿಸುತ್ತಾರೆ. ಅಲ್ಲಿಗೆ ಏನೂ ಆಗಲೇ ಇಲ್ಲ ಎಂಬಂತೆ! ಗುಡಿಸುವ ಮುನ್ನ ಒಂದು ಫೋಟೊ ತೆಗೆಯಿರಿ. ಒಂದು ಪುಸ್ತಕದಲ್ಲಿ ದಿನ, ಹೊತ್ತು, ಜಾಗ ಬರೆದಿಡಿ. ಸ್ವಲ್ಪದರಲ್ಲೇ ತಪ್ಪಿದ್ದನ್ನೂ ಬರೆಯಿರಿ. ಪಕ್ಕದ ಅಂಗಡಿಯವರಿಗೆ, ಮಕ್ಕಳನ್ನು ಬಿಡಲು ಬರುವವರಿಗೆ ಹೇಳಿ. ಆ ಪುಸ್ತಕ ಅರ್ಜಿಯ ಜೊತೆ ಹೋಗಲಿ.

ಸಾವಿಗೆ ಕಾಯಬೇಕಿಲ್ಲ. ರಸ್ತೆಯ ಲಕ್ಷಣ ನೋಡಿಯೇ ಅಪಾಯ ಹೇಳಬಹುದು, ಅಲ್ವಾ? ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ, ಚಾಲಕರ ಕಾಲು ಬ್ರೇಕ್ ಮುಟ್ಟುವ ಮೊದಲೇ. 30ಕ್ಕೆ ಇಳಿಸಿದರೆ ಅದು ಎಂಟು ಮೀಟರ್ ಚಿಲ್ಲರೆ. ನಿಂತ ವ್ಯಾನಿನ ಹಿಂದಿನಿಂದ ಬ್ಯಾಗ್ ಹೊತ್ತ ಮಗು ತಲೆ ಹಾಕುವ ಜಾಗದಲ್ಲಿ ಈ ಸುಮಾರು ಆರು ಮೀಟರ್ ವ್ಯತ್ಯಾಸ ದೊಡ್ಡದು. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಬರೀ ಬೋರ್ಡು ನೆಡುವ ಅರ್ಜಿಯನ್ನು ನಾನು ಒಪ್ಪುವುದಿಲ್ಲ. ವೇಗ ತಾನಾಗಿ ಇಳಿಯುವಂತೆ ರಸ್ತೆಯ ಆಕಾರವೇ ಬದಲಾಗಬೇಕು: ಎತ್ತರಿಸಿದ ಜೀಬ್ರಾ ಕ್ರಾಸಿಂಗ್, ಕಿರಿದಾದ ತಿರುವು, ದಾಟುವವರು ನಡುವೆ ನಿಲ್ಲಲು ಕಟ್ಟೆ.

ಇನ್ನೊಂದು ಮಾತು. ಅನುದಾನ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲವು ಕಡೆ ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ತೋರಿಸಬೇಕು. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಮೂಲೆಯಲ್ಲಿ ವಾಹನ ನಿಲ್ಲದಂತೆ ಮಾಡಲು, ಮಾಸಿದ ಪಟ್ಟೆಗಳಿಗೆ ಬಣ್ಣ ಹೊಡೆಯಲು ಯಾರ ಅನುದಾನವೂ ಬೇಕಿಲ್ಲ.

ಮುಂದಿನ ಸಭೆಗೆ ತಪ್ಪದೆ ಹೋಗಿ. ನಮ್ಮ ಪಾಲಿನ ಹಣ ಯಾವ ಲೆಕ್ಕದಿಂದ ಬರುತ್ತದೆ, ಕೆಲಸ ಮುಗಿದ ಮೇಲೆ ಬಣ್ಣ ಮಾಸಿದರೆ ಮತ್ತೆ ಹೊಡೆಸುವವರು ಯಾರು, ವೇಗ ಇಳಿದಿದೆಯೇ ಎಂದು ಅಳೆಯುವವರು ಯಾರು ಎಂದು ಕೇಳಿ. ಉತ್ತರ ಸಿಕ್ಕರೆ ನಮಗೂ ಬರೆದು ಕಳಿಸಿ, ಖಂಡಿತ ಅಚ್ಚು ಹಾಕುತ್ತೇವೆ.

- ಸಂಪಾದಕ